ಎಣ್ಣೆ ಹೊರಟ ಮಧ್ಯಾಹ್ನ

ಹೋದ ತಿಂಗಳು ಶಿಕ್ಷಕರ ತರಬೇತಿಗೆಂದು ಅಜ್ಜಂಪುರಕ್ಕೆ ಹೋಗಬೇಕಾಯಿತು. ಕಡೂರಿಗೆ ವರ್ಗವಾದ ಮೇಲೆ ನಾನು ಆ ಕಡೆ ತಲೆ ಹಾಕಿರಲಿಲ್ಲ. ಊರು ಇನ್ನೂ ಸ್ವಲ್ಪ ದೂರವಿರುವಾಗಲೇ ಬಸ್ಸಿನ ಕಿಟಕಿಯಿಂದ ಈರುಳ್ಳಿ ವಾಸನೆ ಒಳಗೆ ನುಗ್ಗಿತು. ಸುಗ್ಗಿಯ ದಿನಗಳಲ್ಲಿ ಅಲ್ಲಿ ರಸ್ತೆ ಬದಿ, ಜಗಲಿ, ಬಯಲು ಎಲ್ಲೆಲ್ಲೂ ಈರುಳ್ಳಿ ರಾಶಿ. ಹಸಿ ಮಣ್ಣು, ಬಾಡಿದ ತೊಪ್ಪಲು, ಎಲ್ಲೋ ಒಂದು ಚೀಲ ಕೊಳೆತ ನಾತ, ಮೂರೂ ಸೇರಿದ ವಾಸನೆ ಅದು. ಪಕ್ಕದಲ್ಲಿದ್ದ ಮೇಡಂ ಮೂಗಿಗೆ ಸೆರಗು ಒತ್ತಿಕೊಂಡು, ಈ ಊರಿನವರು ಹೇಗೆ ತಡೀತಾರೋ ಅಂದರು. ಒಂದು ಇಡೀ ಸುಗ್ಗಿ, ಆ ವಾಸನೆ ಮನೆಯೊಳಗೆ ಬಾರದಿರಲಿ ಎಂದು ಕಿಟಕಿಯ ಸಂದಿಗಳಿಗೆ ಹಳೆ ಸೀರೆ ಹರಿದು ತುರುಕಿದವಳು ನಾನು. ತರಬೇತಿಯಲ್ಲಿ ಅವತ್ತು ಏನು ಹೇಳಿಕೊಟ್ಟರೋ ನನ್ನನ್ನು ಕೇಳಬೇಡಿ.

ಆಗ ನಾನು ಶಿವನಿಯ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಮನೆ ಅಜ್ಜಂಪುರದಲ್ಲಿ. ನನ್ನ ಗಂಡ ವಿನ್ಸೆಂಟ್‌ಗೆ ಅಲ್ಲೇ ಮೋಟರ್ ರೀವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟರ್ ಸುಟ್ಟುಹೋದರೆ ಅದನ್ನು ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೊಡುವ ಕೆಲಸ. ಬೇಸಿಗೆಯಲ್ಲಿ ಅವನಿಗೆ ಊಟಕ್ಕೂ ಪುರುಸೊತ್ತು ಇರುತ್ತಿರಲಿಲ್ಲ. ಅವನ ಅಜ್ಜ ಕೆಮ್ಮಣ್ಣುಗುಂಡಿಯಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದ ಕಾಲದಲ್ಲಿ ಅಲ್ಲಿಗೆ ಕೂಲಿಗೆ ಬಂದವರು. ಅದಿರು ನಿಂತ ಮೇಲೆ ಬೆಟ್ಟ ಇಳಿದು ತರೀಕೆರೆ, ಅಲ್ಲಿಂದ ಅಜ್ಜಂಪುರ. ಹೀಗೆ ಇಳಿದು ಬಂದ ಕೆಲವು ಕುಟುಂಬಗಳು ಸೇರಿ ಕಟ್ಟಿಕೊಂಡ ಹೆಂಚಿನ ಚರ್ಚು ನಮ್ಮದು. ಭಾನುವಾರದ ಪೂಜೆಗೆ ತರೀಕೆರೆಯಿಂದ ಫಾದರ್ ಬರಬೇಕು. ಮಿಕ್ಕ ದಿನಗಳಲ್ಲಿ ಚರ್ಚಿನ ಕಸ ಗುಡಿಸುವುದು, ದೀಪ ಹಚ್ಚುವುದು, ಗಂಟೆ ಹೊಡೆಯುವುದು ಎಲ್ಲ ಇನ್ನಾಸಪ್ಪ ಎಂಬ ಮುದುಕರದು.

ನಾನು ಹುಟ್ಟಿದ್ದು ಚೌಳಹಿರಿಯೂರಿನ ಹತ್ತಿರದ ಹಳ್ಳಿಯಲ್ಲಿ. ಅಪ್ಪ ಹಾಲಪ್ಪನಿಗೆ ಒಂದಿಷ್ಟು ಖುಷ್ಕಿ ಜಮೀನು, ಒಂದು ತೆಂಗಿನ ತೋಟ. ಶಾಲೆಯ ಮೋಟರ್ ರಿಪೇರಿಗೆ ಬಂದವನನ್ನು ನಾನು ಮೆಚ್ಚಿ, ಜ್ಞಾನಸ್ನಾನ ತೆಗೆದುಕೊಂಡು ಕ್ರೈಸ್ತಳಾಗಿ ಮದುವೆಯಾದಾಗ ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಮಾತು ಬಿಟ್ಟ. ಅವ್ವ ಮೊದಲೇ ತೀರಿಕೊಂಡಿದ್ದಳು, ನಡುವೆ ಓಡಾಡುವವರೂ ಯಾರೂ ಇರಲಿಲ್ಲ. ಮಗಳು ರೋಸಿ ಹುಟ್ಟಿದಾಗಲೂ ಅವನು ಬರಲಿಲ್ಲ. ಅವನ ತೋಟದ ಮೋಟರ್ ಸುಟ್ಟರೆ ಅಜ್ಜಂಪುರದ ಕಡೆ ಮುಖ ಮಾಡದೆ ಕಡೂರಿಗೇ ಹೊರಿಸುತ್ತಿದ್ದ ಅಂತ ಅವರಿವರು ಹೇಳುತ್ತಿದ್ದರು. ನನಗೂ ಹಠ ಕಮ್ಮಿ ಇರಲಿಲ್ಲ. ಅವನ ಮಗಳೇ ತಾನೆ.

ವಿನ್ಸೆಂಟ್‌ನ ಕಾಯಿಲೆ ಗ್ಯಾಸ್ಟ್ರಿಕ್ ಎಂಬ ಹೆಸರಿನಲ್ಲಿ ಬಂತು. ನಮ್ಮ ಕಡೆ ಹೊಟ್ಟೆಗೆ ಸಂಬಂಧಪಟ್ಟಿದ್ದೆಲ್ಲ ಗ್ಯಾಸ್ಟ್ರಿಕ್ಕೇ. ಹೊತ್ತಿಗೆ ಸರಿಯಾಗಿ ಉಣ್ಣದವನಿಗೆ ಅದು ಬರುವುದು ಸಹಜ ಎಂದು ನಾನೂ ಅಂದುಕೊಂಡೆ. ಮೆಡಿಕಲ್ ಶಾಪಿನ ಗುಳಿಗೆ ನುಂಗಿಕೊಂಡೇ ಬೇಸಿಗೆ ಕಳೆದ. ಮುಂಗಾರು ಹಿಡಿಯುವ ಹೊತ್ತಿಗೆ ಬೆಲ್ಟ್ ಬಿಗಿದರೂ ಪ್ಯಾಂಟು ಜಾರತೊಡಗಿತು. ಒಂದು ದಿನ ಅಂಗಡಿಯಲ್ಲಿ ರಕ್ತ ಕಾರಿದ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಗಂಟಲೊಳಗೆ ಪೈಪು ಬಿಟ್ಟು ನೋಡಿದರು. ಜಠರದಲ್ಲಿ ಕ್ಯಾನ್ಸರ್, ಬೆಳೆದಿದೆ, ಮೊದಲು ಡ್ರಿಪ್ಪಿನಲ್ಲಿ ಔಷಧಿ ಹತ್ತಿಸಿ ಕುಗ್ಗಿಸಬೇಕು, ಆಮೇಲೆ ಆಪರೇಷನ್ ಎಂದರು ಡಾಕ್ಟರು. ಅವನಿಗಿನ್ನೂ ನಲವತ್ತು ತುಂಬಿರಲಿಲ್ಲ.

ವಾಪಸು ಬರುವಾಗ ತರೀಕೆರೆಯಲ್ಲಿ ಬಸ್ಸು ಬದಲಾಯಿಸಬೇಕಿತ್ತು. ವಿನ್ಸೆಂಟ್, ಒಂದು ನಿಮಿಷ ಬಂದೆ ಎಂದು ಹೇಳಿ ಅಲ್ಲಿನ ಚರ್ಚಿಗೆ ಹೋದ. ನಾನು ಹಿಂದೆ ಹೋಗಲಿಲ್ಲ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಬ್ಯಾಗು ತಬ್ಬಿಕೊಂಡು ಕುಳಿತೆ. ನನಗೆ ದೇವರ ಮೇಲೆ ಬಂದದ್ದು ಸಿಟ್ಟು, ಬರೀ ಸಿಟ್ಟು. ಒಂದು ಬಸ್ಸು ಹೋಯಿತು, ಇನ್ನೊಂದೂ ಹೋಯಿತು. ಕಡೆಗೆ ಬಂದವನನ್ನು ಏನು ಕೇಳಿಕೊಂಡೆ ಅಂದೆ.

"ಏನೂ ಕೇಳ್ಲಿಲ್ಲ ಕಣೇ. ಹೆದ್ರಿಕೆ ಆಗ್ತಾ ಇದೆ ಅಂತ ಹೇಳ್ದೆ ಅಷ್ಟೆ."

ಅವನ ಭಕ್ತಿ ಅಂಥದ್ದು. ಅದರಲ್ಲಿ ದೊಡ್ಡ ಮಾತೇ ಇರುತ್ತಿರಲಿಲ್ಲ. ಸಂಜೆ ದೀಪ ಹಚ್ಚಿ ಮನೆಯವರೆಲ್ಲ ಮಣಿ ಎಣಿಸುತ್ತ ಜಪಸರ ಹೇಳುವಾಗ ಕೆಲಸದಿಂದ ಸುಸ್ತಾಗಿ ತೂಕಡಿಸುತ್ತಿದ್ದ. ಅವನ ತಾಯಿ ಫಿಲೋಮಿನಮ್ಮ ಮೊಣಕೈಯಿಂದ ತಿವಿದರೆ ಎದ್ದು, ಬಿಟ್ಟಲ್ಲಿಂದಲೇ ಸರಿಯಾಗಿ ಹಿಡಿದುಕೊಳ್ಳುತ್ತಿದ್ದ. ನಾನಾದರೋ ಪ್ರಾರ್ಥನೆಗಳನ್ನೆಲ್ಲ ಮಗ್ಗಿ ಕಲಿತ ಹಾಗೆ ಕಲಿತವಳು. ಒಂದಕ್ಷರ ತಪ್ಪುತ್ತಿರಲಿಲ್ಲ. ಒಳಗೆ ಎಷ್ಟು ಇಳಿದಿತ್ತು ಎನ್ನುವುದು ಬೇರೆ ವಿಷಯ.

ಊರ ಹೊಲಗಳಲ್ಲಿ ಈರುಳ್ಳಿ ಏಳುತ್ತಿದ್ದಾಗ ಇವನಿಗೆ ಔಷಧಿ ಹತ್ತಿಸುವುದು ಶುರುವಾಯಿತು. ಶಿವಮೊಗ್ಗಕ್ಕೆ ಹೋಗುವುದು, ಸೂಜಿ ಚುಚ್ಚಿಸಿಕೊಂಡು ಬರುವುದು, ವಾರಗಟ್ಟಲೆ ವಾಂತಿ. ಎಲ್ಲಕ್ಕಿಂತ ಮೊದಲು ಅವನಿಗೆ ಆಗದೇ ಹೋದದ್ದು ಈರುಳ್ಳಿ. ಹುಟ್ಟಿದಾಗಿನಿಂದ ಅದರ ನಡುವೆಯೇ ಬೆಳೆದವನು ಅದರ ವಾಸನೆಗೆ ಬಚ್ಚಲಿಗೆ ಓಡತೊಡಗಿದ. ಫಿಲೋಮಿನಮ್ಮ ಅಡುಗೆಗೆ ಈರುಳ್ಳಿ ಹಾಕುವುದನ್ನೇ ಬಿಟ್ಟರು. ಉಪ್ಪಿಟ್ಟಿಗೂ ಇಲ್ಲ, ಸಾರಿಗೂ ಇಲ್ಲ. ಅಜ್ಜಂಪುರದಲ್ಲಿ ಕೂತು ಈರುಳ್ಳಿ ತಿನ್ನದ ಮನೆ ನಮ್ಮದೊಂದೇ ಇತ್ತೇನೋ. ಕೊಯ್ಲು ಶುರುವಾದ ಮೇಲಂತೂ ಕಿಟಕಿ ತೆಗೆಯುವ ಹಾಗಿರಲಿಲ್ಲ. ಬಾಗಿಲು ಹಾಕಿದ ಮನೆಯೊಳಗೆ, ಸೆಕೆಯಲ್ಲಿ, ರೋಸಿಗೆ ಅ ಆ ಇ ಈ ತಿದ್ದಿಸುತ್ತ ಅವನು ಮಲಗಿರುತ್ತಿದ್ದ.

ನೋಡಲು ಬಂದವರೆಲ್ಲ ಒಂದೊಂದು ಮದ್ದು ಹೇಳಿದರು. ಯಾವುದೋ ಎಲೆಯ ರಸ, ಯಾವುದೋ ಬೇರಿನ ಕಷಾಯ. ಬೆಂಗಳೂರಿನಿಂದ ಬಂದಿದ್ದ ದೂರದ ಸಂಬಂಧಿಯೊಬ್ಬರಂತೂ, ಪೂರ್ತಿ ನಂಬಿಕೆ ಇದ್ದರೆ ಆಪರೇಷನ್ ಯಾಕೆ ಬೇಕು, ನಿಮ್ಮ ನಂಬಿಕೆಯಲ್ಲೇ ಏನೋ ಕೊರತೆ ಇದೆ ಎಂದುಬಿಟ್ಟರು. ಕಾಫಿ ಲೋಟ ಅವರ ಕೈಯಿಂದ ಕಿತ್ತುಕೊಳ್ಳಬೇಕು ಎನಿಸಿತು ನನಗೆ. ಬಾಯಿ ತೆರೆದಿದ್ದೆ ಕೂಡ. ಅಷ್ಟರಲ್ಲಿ ವಿನ್ಸೆಂಟ್ ದಿಂಬಿಗೆ ಒರಗಿಕೊಂಡೇ, ನಂಬಿಕೆ ಇರೋದ್ರಿಂದ್ಲೇ ಅಲ್ವಾ ಅತ್ತೆ, ಗುರುತಿಲ್ಲದವರ ಕೈಗೆ ಕತ್ತಿ ಕೊಟ್ಟು ಕಣ್ಣು ಮುಚ್ಚಿ ಮಲಗೋಕೆ ಹೋಗ್ತಿರೋದು ಅಂದ. ಅವರು ಕಾಫಿ ಪೂರ್ತಿ ಕುಡಿದೇ ಎದ್ದರು.

ಆಪರೇಷನ್ನಿಗೆ ದಿನ ಗೊತ್ತಾದಾಗ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. ಸ್ಕ್ಯಾನಿನಲ್ಲಿ ಎಲ್ಲವೂ ಕಾಣುವುದಿಲ್ಲ. ಹೊಟ್ಟೆ ತೆರೆದ ಮೇಲೆ, ಅದು ಒಳಗೆ ಬೇರೆ ಕಡೆಗೂ ಹರಡಿದ್ದು ಕಂಡರೆ ಮುಟ್ಟದೆ ಹೊಲಿದು ಹೊರಗೆ ಬಂದುಬಿಡುತ್ತೇವೆ. ಹರಡಿರದಿದ್ದರೆ ಗಂಟೆಗಟ್ಟಲೆ ಕೆಲಸವಿದೆ. ಆದ್ದರಿಂದ ಬಾಗಿಲು ಬೇಗ ತೆರೆಯಲಿ ಅಂತ ಬೇಡಿಕೊಳ್ಳಬೇಡಿ ಎಂದರು. ಅಲ್ಲಿಂದ ಮುಂದೆ ನನ್ನ ತಲೆಯಲ್ಲಿ ಇದ್ದದ್ದು ಆ ಬಾಗಿಲೊಂದೇ.

ವಿನ್ಸೆಂಟ್‌ಗೆ ಒಂದು ಆಸೆ ಇತ್ತು. ಹೊರಡುವ ಮುಂಚೆ ಫಾದರ್ ಕೈಯಲ್ಲಿ ಎಣ್ಣೆ ಹಚ್ಚಿಸಿಕೊಳ್ಳಬೇಕು. ಕಾಯಿಲೆಯವರ ಹಣೆಗೆ, ಅಂಗೈಗೆ ಮಂತ್ರಿಸಿದ ಎಣ್ಣೆ ಹಚ್ಚಿ ಪ್ರಾರ್ಥಿಸುವುದು ನಮ್ಮಲ್ಲಿ ಒಂದು ಸಂಸ್ಕಾರ. ಗುಣವಾಗಲಿ, ಧೈರ್ಯ ಬರಲಿ ಎಂದು ಮಾಡುವುದು. ಫಾದರ್ ಎಷ್ಟೋ ಭಾನುವಾರ ಪ್ರಸಂಗದಲ್ಲಿ ಅದನ್ನೇ ಹೇಳಿದ್ದರು. ಹೇಳಿದ್ದನ್ನು ಕೇಳಿದವರು ಯಾರು? ನಮ್ಮ ಜನಕ್ಕೆ ಎಣ್ಣೆ ಎಂದರೆ ಕೊನೆಯ ಎಣ್ಣೆ. ಉಸಿರು ಹೋಗುವುದು ಖಾತ್ರಿಯಾಗುವ ತನಕ ಯಾರೂ ಅದಕ್ಕೆ ಹೇಳಿ ಕಳಿಸುವುದಿಲ್ಲ, ಹಾಗಾಗಿ ಎಣ್ಣೆ ಬಂದ ಮನೆಯಲ್ಲಿ ಸಾವೂ ಆಗುತ್ತದೆ. ಫಿಲೋಮಿನಮ್ಮ ಖಡಾಖಂಡಿತವಾಗಿ ಬೇಡ ಅಂದರು.

"ಎಣ್ಣೆ ಹಚ್ಚಿಸ್ಕೊಂಡ್ರೆ, ಕರ್ಕೊಂಡು ಹೋಗಪ್ಪ ಅಂತ ನಾವೇ ಸಹಿ ಹಾಕ್ಕೊಟ್ಟಂಗೆ. ನಾನು ಬದುಕಿರೋವರ್ಗೂ ಈ ಮನೇಲಿ ಆಗೋದಿಲ್ಲ."

ನಾನು ಅತ್ತೆಯ ಪರ ನಿಂತೆ. ಅದು ಅಪರೂಪ. ನನಗೂ ಆ ಎಣ್ಣೆಯನ್ನು ಕಂಡರೆ ಭಯವಿತ್ತು. ವಿನ್ಸೆಂಟ್ ವಾದ ಮಾಡಲಿಲ್ಲ. ಊಟ ಸೇರುತ್ತಿಲ್ಲ, ನಿದ್ದೆ ಬರುತ್ತಿಲ್ಲ, ಇದೊಂದಾದರೂ ನನಗೆ ಬೇಕಾದ ಹಾಗೆ ಆಗಲಿ ಬಿಡಮ್ಮ ಅಂದ. ಫಿಲೋಮಿನಮ್ಮ ಒಂದು ದಿನವೆಲ್ಲ ಅಳುತ್ತ ಕೆಲಸ ಮಾಡಿದರು. ಮಾರನೆಯ ದಿನ ಬೆಳಗ್ಗೆ ಫಾದರ್‌ಗೆ ಫೋನು ಮಾಡು ಎಂದು ತಾವೇ ನನಗೆ ಹೇಳಿದರು.

ಶಿವಮೊಗ್ಗಕ್ಕೆ ಹೊರಡುವ ಹಿಂದಿನ ದಿನ ಮಧ್ಯಾಹ್ನ ಫಾದರ್ ಸ್ಕೂಟರಿನಲ್ಲಿ ಬಂದರು. ಮೋಡ ಕಟ್ಟಿತ್ತು, ರಾಶಿ ಹಾಕಿದ ಈರುಳ್ಳಿಗೆ ಟಾರ್ಪಾಲು ಹೊದಿಸಲು ಜನ ಓಡಾಡುತ್ತಿದ್ದರು. ಫಾದರ್‌ಗೆ ಸಂಜೆ ತರೀಕೆರೆಯಲ್ಲಿ ಪೂಜೆ ಇತ್ತಂತೆ. ಅವಸರದಲ್ಲಿ ಮೊದಲು ಚರ್ಚಿಗೆ ಹೋಗಿ, ಇನ್ನಾಸಪ್ಪನವರಿಂದ ಬೀಗದ ಕೈ ಇಸಿದುಕೊಂಡು, ಎಣ್ಣೆಯ ಪುಟ್ಟ ಡಬ್ಬಿ ತೆಗೆದುಕೊಂಡು, ವಿನ್ಸೆಂಟ್ ಮನೆಗೆ ಹೋಗಿ ಬರ್ತೀನಿ ಎಂದಷ್ಟೇ ಹೇಳಿ ನಮ್ಮ ಮನೆಗೆ ಬಂದಿದ್ದರು.

ವಿನ್ಸೆಂಟ್ ಕುರ್ಚಿಯಲ್ಲಿ ಕುಳಿತ. ನಾವು ಮೂವರು ಸುತ್ತ ಮೊಣಕಾಲೂರಿದೆವು. ಫಾದರ್ ಹೆಬ್ಬೆರಳನ್ನು ಎಣ್ಣೆಗೆ ಅದ್ದಿ ಅವನ ಹಣೆಗೆ ಇಟ್ಟಿದ್ದರಷ್ಟೆ, ಚರ್ಚಿನ ಗಂಟೆ ಹೊಡೆಯಿತು. ಒಂದು ಏಟು. ಅದು ಪೂರ್ತಿ ಅಡಗುವ ತನಕ ಬಿಟ್ಟು ಮತ್ತೆ ಒಂದು. ಪೂಜೆಯ ಗಂಟೆ ಹಾಗೆ ಬರುವುದಿಲ್ಲ. ಒಂಟಿ ಗಂಟೆ ನಮ್ಮೂರಿನಲ್ಲಿ ಸಾವಿಗೆ ಮಾತ್ರ ಹೊಡೆಯುವುದು. ಫಿಲೋಮಿನಮ್ಮ ಎರಡೂ ಕೈಯಲ್ಲಿ ಮಗನ ಕಾಲು ಹಿಡಿದುಕೊಂಡುಬಿಟ್ಟರು. ಫಾದರ್ ಹೆಬ್ಬೆರಳು ಹಣೆಯ ಮೇಲೇ ನಿಂತಿತು. ಅವರಿಗೂ ಏನೆಂದು ಗೊತ್ತಾಗಲಿಲ್ಲ. ವಿನ್ಸೆಂಟ್ ಒಂದು ಕಣ್ಣು ಮಾತ್ರ ತೆರೆದ.

"ಫಾದರ್, ಇದು ಯಾರಿಗೆ?"

ನಾನು ಎದ್ದು ಹೊರಗೆ ಬರುವಷ್ಟರಲ್ಲಿ ಜನ ಆಗಲೇ ಬರುತ್ತಿದ್ದರು. ಗಂಟೆ ಕೇಳಿದವರು ಚರ್ಚಿಗೆ ಹೋಗಿ ಯಾರಪ್ಪ ಅಂದಿದ್ದಾರೆ. ಇನ್ನಾಸಪ್ಪ ಹಗ್ಗ ಬಿಡದೆ, ವಿನ್ಸೆಂಟ್ ಎಂದಿದ್ದಾರೆ. ಅಷ್ಟು ಸಾಕಾಯಿತು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಹೆಂಗಸರು ಇದ್ದುದನ್ನೇ ಹೊತ್ತು ಬಂದರು. ಒಬ್ಬರ ಕೈಯಲ್ಲಿ ಅನ್ನದ ತಪ್ಪಲೆ, ಒಬ್ಬರ ಕೈಯಲ್ಲಿ ಕಾಫಿಯ ಕೆಟಲ್. ಈರುಳ್ಳಿ ಕೊಯ್ಯುತ್ತಿದ್ದವರು ಕೈ ಕೂಡ ತೊಳೆಯದೆ ಬಂದಿದ್ದರು. ಗಂಡಸರು ಚರ್ಚಿನ ಬೆಂಚುಗಳನ್ನು ಹೊತ್ತು ತಂದು ಅಂಗಳದಲ್ಲಿ ಇಳಿಸಿದರು. ಶವದ ಪೆಟ್ಟಿಗೆಗೆ ಹೊದಿಸುವ ಕಪ್ಪು ಬಟ್ಟೆಯೂ ಬಂದಿತ್ತು. ನನ್ನನ್ನು ಕಂಡದ್ದೇ ಎದುರು ಮನೆಯಾಕೆ ತಬ್ಬಿಕೊಂಡು ಅತ್ತಳು. ಇಲ್ಲ ಕಣ್ರೀ, ಇಲ್ಲ, ಇದಾರೆ ಅಂದರೆ ಯಾರಿಗೂ ಕೇಳದು. ಕಡೆಗೆ ಹಣೆಯಲ್ಲಿ ಎಣ್ಣೆ ಹೊಳೆಯುತ್ತಿದ್ದ ವಿನ್ಸೆಂಟ್ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತ.

ಅಳು ಗಕ್ಕನೆ ನಿಂತಿತು. ಕಪ್ಪು ಬಟ್ಟೆ ಹಿಡಿದಿದ್ದವನು ಅದನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಯಾರೋ ಒಬ್ಬರು ಮೊದಲು ನಕ್ಕರು, ಆಮೇಲೆ ಎಲ್ಲರೂ ನಗತೊಡಗಿದರು, ನಗುತ್ತಲೇ ಮತ್ತೆ ಅತ್ತರು. ಅಷ್ಟರಲ್ಲಿ ಮೋಟರ್ ಅಂಗಡಿಯ ಪಕ್ಕದವನು ವಿನ್ಸೆಂಟ್‌ನ ಫೋಟೋ ಹಾಕಿ, ಕೆಳಗೆ ದೀಪ ಉರಿಸಿ, ಭಾವಪೂರ್ಣ ಶ್ರದ್ಧಾಂಜಲಿ ಎಂದು ವಾಟ್ಸಾಪಿಗೆ ಬಿಟ್ಟೂ ಆಗಿತ್ತು. ವಿನ್ಸೆಂಟ್ ಅದನ್ನು ನನ್ನ ಫೋನಿನಲ್ಲಿ ನೋಡಿ, ಇದಕ್ಕಿಂತ ಒಳ್ಳೆ ಫೋಟೋ ಸಿಗಲಿಲ್ವಾ ಅಂದ.

ಇನ್ನಾಸಪ್ಪನವರನ್ನು ಕರೆಸಿದರು. ಜನ ಬಾಯಿಗೆ ಬಂದಂತೆ ಬೈದರು. ಮುದುಕರು, ಎಣ್ಣೆ ಹೊರಟರೆ ಒಂಟಿ ಗಂಟೆ ಹೊಡೆಯಬೇಕು, ಕೆಲಸದಲ್ಲಿದ್ದವರು ಇದ್ದಲ್ಲೇ ನಿಂತು ಆ ಮನೆಯವರಿಗಾಗಿ ಜಪ ಮಾಡಲಿ ಅಂತ, ನಮ್ಮಪ್ಪನ ಕಾಲದಲ್ಲಿ ಹಾಗೇ ಇತ್ತು ಎಂದರು. ಈಗೀಗ ಎಲ್ಲರೂ ಆಸ್ಪತ್ರೆಯಲ್ಲೇ ಸಾಯುವುದು, ಎಣ್ಣೆ ಮನೆಗೆ ಹೊರಟಿದ್ದನ್ನು ನೋಡಿ ಎಷ್ಟು ವರ್ಷವಾಗಿತ್ತೋ ಏನೋ, ಆ ಗಂಟೆಯ ಅರ್ಥ ಊರಿಗೇ ಮರೆತುಹೋಗಿತ್ತು. ಬಂದವರಿಗೆ ಮೊದಲೇ ಬಾಯಿಬಿಟ್ಟು ಹೇಳಬಾರದಿತ್ತಾ ಅಂದರೆ, ಗಂಟೆ ಹೊಡೆಯುವಾಗ ಹೆಚ್ಚು ಮಾತಾಡಬಾರದು ಎಂದರು. ಫಿಲೋಮಿನಮ್ಮ ಅವರನ್ನು ಕೊನೆಯ ತನಕ ಕ್ಷಮಿಸಲಿಲ್ಲ. ವಿನ್ಸೆಂಟ್ ಮಾತ್ರ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡ. ಜಪ ಮಾಡಲಿ ಅಂತ ತಾನೆ ಹೊಡೆದದ್ದು, ಜನವೂ ಬಂದಿದ್ದಾರೆ, ಮಾಡಿಸಿಬಿಡಿ ಫಾದರ್ ಅಂದ. ಹೀಗೆ ಸಾವಿಗೆ ತಂದ ಬೆಂಚುಗಳ ಮೇಲೆ ಕುಳಿತು ನಮ್ಮ ಚರ್ಚಿನವರೆಲ್ಲ ಬದುಕಿರುವ ಮನುಷ್ಯನಿಗಾಗಿ ಜಪಸರ ಹೇಳಿದರು. ತಂದ ಊಟವನ್ನೂ ಅಲ್ಲೇ ಉಂಡರು. ಈರುಳ್ಳಿ ಹಾಕಿದ ಸಾರನ್ನು ಫಿಲೋಮಿನಮ್ಮ ಗೇಟಿನ ಆಚೆ ಇಡಿಸಿದರು.

ಹೊತ್ತು ಇಳಿಯುತ್ತಿತ್ತು. ಗೇಟಿನ ಹತ್ತಿರ ಒಂದು ಬೈಕು ಬಂದು ನಿಂತಿತು. ಹಿಂದೆ ಕುಳಿತಿದ್ದವನು ಇಳಿದ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್, ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಕವರಿನೊಳಗೆ ಸೇವಂತಿಗೆ ಹಾರ ಕಾಣುತ್ತಿತ್ತು. ಅಪ್ಪ. ಊರಿನ ಯಾರದೋ ಫೋನಿನಲ್ಲಿ ಫೋಟೋ ನೋಡಿ ಹೊಲದಿಂದಲೇ ಹೊರಟು ಬಂದಿದ್ದ. ತುಂಬ ಮುದುಕನಾಗಿದ್ದ. ಅಂಗಳದಲ್ಲಿ ಜನ ಊಟ ಮಾಡುತ್ತಿರುವುದನ್ನು ನೋಡಿದ, ನನ್ನನ್ನು ನೋಡಿದ, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದವನನ್ನು ನೋಡಿದ. ಫೋಟೋದ ಮುಖ ಇದೇ ಎಂದು ಅವನಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಹೋಗ್ಬುಟ್ಟ ಅಂದ್ರು ಕಣವ್ವ. ಅದ್ಕೇ ಬಂದೆ."

ನನಗೆ ತಡೆಯಲಾಗಲಿಲ್ಲ. ಇಷ್ಟು ವರ್ಷದ ಸಿಟ್ಟು, ಆ ಮಧ್ಯಾಹ್ನದ ಗಾಬರಿ, ನಾಳೆಯ ಬಾಗಿಲು, ಎಲ್ಲ ಒಟ್ಟಿಗೆ ಬಾಯಿಗೆ ಬಂತು.

"ಬದುಕಿದ್ದಾಗ ಬರಾಕಾಗ್ಲಿಲ್ಲ, ಸತ್ತ ಅಂದ್ರೆ ಹಾರ ತಗಂಡು ಬಂದ್ಬಿಟ್ಟೆ ಅಲ್ವಾ ಅಪ್ಪ?"

ಅಂಗಳದಲ್ಲಿ ಉಣ್ಣುತ್ತಿದ್ದವರ ಕೈ ನಿಂತಿತು. ಅಪ್ಪ ತಲೆ ತಗ್ಗಿಸಿದ. ವಿನ್ಸೆಂಟ್ ಕುರ್ಚಿಯ ಕೈ ಹಿಡಿದು ಮೆಲ್ಲಗೆ ಎದ್ದು, ಬಂದಿದಾರಲ್ಲ ಸುಮ್ನಿರೇ, ಬನ್ನಿ ಮಾವ ಒಳಗೆ ಅಂದ. ಆ ಮಾವ ಎಂಬ ಪದವನ್ನು ಅವನು ಅಷ್ಟು ವರ್ಷದಲ್ಲಿ ಯಾರಿಗೂ ಬಳಸಿರಲಿಲ್ಲ. ಅಪ್ಪ ಹೊಸಿಲ ಹತ್ತಿರ ಬಂದು, ಕವರು ಎಲ್ಲಿಡುವುದು ಎಂದು ತಿಳಿಯದೆ ಕೈ ಬದಲಾಯಿಸುತ್ತ ನಿಂತ. ವಿನ್ಸೆಂಟ್ ಅದನ್ನು ಇಸಿದುಕೊಂಡು ತನ್ನ ತಾಯಿಗೆ ಕೊಟ್ಟ. ಫಿಲೋಮಿನಮ್ಮ ಹಾರ ಬಿಚ್ಚಿ, ಒಳಗೆ ಗೋಡೆಯ ಮೇಲಿದ್ದ ಮಾತೆಯ ಪಟಕ್ಕೆ ಹಾಕಿದರು. ರೋಸಿ ಯಾರಿವರು ಎಂದು ಕೇಳಿದಳು. ನಿನ್ನ ತಾತ ಎಂದೆ.

ಅಪ್ಪ ರಾತ್ರಿಯ ಬಸ್ಸಿಗೆ ಹೋಗಿರಬೇಕು ಅಂದುಕೊಂಡಿದ್ದೆ. ಬೆಳಗ್ಗೆ ಕಾರು ಬಂದಾಗ ನೋಡಿದರೆ ಜಗಲಿಯ ಮೇಲೆ ಮುಖ ತೊಳೆದುಕೊಂಡು ಕುಳಿತಿದ್ದಾನೆ. ನಾನೂ ಬತ್ತೀನಿ ಎಂದು ಡ್ರೈವರ್ ಪಕ್ಕದ ಸೀಟು ಹತ್ತಿದ.

ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುವಾಗ ವಿನ್ಸೆಂಟ್ ನನ್ನ ಕೈ ಹಿಡಿದು, ಬೇಗ ಬಂದುಬಿಟ್ರೆ ನನ್ನ ಬೈಬೇಡ ಅಂದ. ನಗುವುದಕ್ಕೆ ಪ್ರಯತ್ನಪಟ್ಟೆ. ಬಾಗಿಲು ಮುಚ್ಚಿತು. ರೋಸಿಯನ್ನು ನೋಡಿಕೊಳ್ಳಲು ಫಿಲೋಮಿನಮ್ಮ ಮನೆಯಲ್ಲೇ ಉಳಿದಿದ್ದರು. ಹೊರಗಿನ ಬೆಂಚಿನ ಮೇಲೆ ನಾನು, ಅಪ್ಪ, ಇಬ್ಬರೇ. ಬಾಗಿಲ ಕಡೆ ನೋಡಬಾರದು ಅಂದುಕೊಂಡರೂ ಕಣ್ಣು ಅಲ್ಲೇ. ನರ್ಸ್ ಒಬ್ಬಳು ಒಳಗಿನಿಂದ ಬಂದಾಗ ಬೆಂಚಿನ ಅಂಚು ಹಿಡಿದುಕೊಂಡೆ. ಅವಳು ಏನೋ ತರಲು ಹೋಗಿ ಮತ್ತೆ ಒಳಗೆ ಹೋದಳು. ಬಾಗಿಲಿನ ವಿಷಯ ಅಪ್ಪನಿಗೆ ಆಗ ಹೇಳಿದೆ. ಬೇಗ ತೆರೆದರೆ ಕೆಟ್ಟದ್ದು, ಮುಚ್ಚಿಕೊಂಡೇ ಇದ್ದರೆ ಒಳ್ಳೆಯದು. ಅಪ್ಪ ಅದನ್ನು ಕೇಳಿ, ಕುಳಿತಲ್ಲೇ ಟವೆಲಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳಿದ.

"ನಿಮ್ ದ್ಯಾವ್ರಿಗೆ ಏನಂತ ಕೇಳ್ಕಬೇಕವ್ವ? ಹೇಳ್ಕೊಡು."

ನಮ್ಮ ದೇವರು ನಿಮ್ಮ ದೇವರು ಎಂದು ನಾನೂ ಎಷ್ಟೋ ಸಲ ಸಿಟ್ಟಿನಲ್ಲಿ ಅಂದಿದ್ದೆ. ಈಗ ಅಪ್ಪ ಮಗುವಿನ ಹಾಗೆ ಕೇಳುತ್ತಿದ್ದ. ಸ್ವರ್ಗದಲ್ಲಿರುವ ತಂದೆಗೆ ಹೇಳುವ ಪ್ರಾರ್ಥನೆಯನ್ನು, ಒಂದನೇ ಕ್ಲಾಸಿನವರಿಗೆ ಹೇಳಿಕೊಡುವ ಹಾಗೆ, ನಾನು ಒಂದೊಂದು ಸಾಲು ಹೇಳಿದೆ. ಅಪ್ಪ ಟವೆಲು ತಲೆಗೆ ಹೊದ್ದುಕೊಂಡು ಒಂದೊಂದನ್ನೇ ನನ್ನ ಹಿಂದೆ ಹೇಳಿದ. ತಂದೆಯೇ ಅಂದ. ನಿಮ್ಮ ರಾಜ್ಯ ಬರಲಿ ಅಂದ. ಆಮೇಲಿನದು, ನಿಮ್ಮ ಚಿತ್ತದಂತೆಯೇ ಆಗಲಿ. ಅಲ್ಲಿ ನಿಲ್ಲಿಸಿಬಿಟ್ಟ.

"ಹಂಗಂದ್ರೇನವ್ವ?"

ದೇವರ ಮನಸ್ಸಿನಲ್ಲಿ ಏನಿದೆಯೋ ಅದೇ ಆಗಲಿ ಅಂತ ಎಂದೆ. ಅಪ್ಪ ಮುಚ್ಚಿದ ಬಾಗಿಲನ್ನು ನೋಡಿದ. ತಲೆ ಅಲ್ಲಾಡಿಸಿದ.

"ಅದೊಂದು ನಾನು ಹೇಳಾಕಿಲ್ಲ. ಅವನ ಮನಸ್ಸಿನಾಗೆ ಬ್ಯಾರೆ ಏನಾರ ಇದ್ರೆ? ನಾನು ಹ್ಞೂಂ ಅಂದಂಗಾಯ್ತದೆ."

ನನಗೆ ಅಳು ಬಂದದ್ದು ಆಗ. ಶಿವಮೊಗ್ಗದಲ್ಲಿ ಕಾಯಿಲೆಯ ಹೆಸರು ಕೇಳಿದ ದಿನದಿಂದ ನಾನೂ ಆ ಸಾಲನ್ನು ಹೇಳಿರಲಿಲ್ಲ. ಸಂಜೆಯ ಜಪದಲ್ಲಿ ಎಲ್ಲರೂ ಹೇಳುವಾಗ ನನ್ನ ತುಟಿ ಮಾತ್ರ ಆಡುತ್ತಿತ್ತು. ಯಾರಿಗೂ ಗೊತ್ತಿರಲಿಲ್ಲ. ನನಗೂ ಬರೋದಿಲ್ಲ ಅಪ್ಪ ಎಂದು ಅವನ ಹೆಗಲಿಗೆ ತಲೆ ಇಟ್ಟೆ. ಅವನ ಟವೆಲಿಗೆ ಹೊಗೆಸೊಪ್ಪಿನ ವಾಸನೆ ಇತ್ತು. ಹಾಗಾದ್ರೆ ಬಿಟ್ಟೇ ಹೇಳನ ಬಿಡವ್ವ ಅಂದ. ಆ ಸಾಲೊಂದನ್ನು ಬಿಟ್ಟು ಉಳಿದದ್ದನ್ನು ಅಪ್ಪ ಮಗಳು ಇಬ್ಬರೂ ಎಷ್ಟು ಸಲ ಹೇಳಿದೆವೋ ಲೆಕ್ಕವಿಲ್ಲ. ಮಧ್ಯಾಹ್ನವಾಯಿತು. ಅಪ್ಪ ತಂದುಕೊಟ್ಟ ಟೀ ಆರಿಹೋಯಿತು. ಬಾಗಿಲು ತೆರೆಯಲಿಲ್ಲ. ಸಂಜೆಯ ಕಡೆಗೆ ಡಾಕ್ಟರು ಬಂದು, ಕಂಡದ್ದನ್ನೆಲ್ಲ ತೆಗೆದಿದ್ದೇವೆ ಎಂದಾಗ ಅಪ್ಪ ಅವರ ಕಾಲಿಗೆ ಬೀಳಲು ಹೋದ.

ವಿನ್ಸೆಂಟ್ ಕೂತು ಗಂಜಿ ಕುಡಿಯುವಂತಾದ ಮೇಲೆ ಇದನ್ನೆಲ್ಲ ಹೇಳಿದೆ, ನನ್ನ ತುಟಿಯ ವಿಷಯವನ್ನೂ ಸೇರಿಸಿ. ಬೇಜಾರು ಮಾಡಿಕೊಳ್ಳುತ್ತಾನೇನೋ ಅಂದುಕೊಂಡಿದ್ದೆ. ಅವನು ಹೊಲಿಗೆ ಹಾಕಿದ ಹೊಟ್ಟೆಯನ್ನು ಎರಡೂ ಕೈಯಲ್ಲಿ ಒತ್ತಿಹಿಡಿದುಕೊಂಡು ನಕ್ಕ. ನಗು ನಿಂತ ಮೇಲೆ, ನಿಮ್ಮಿಬ್ಬರಿಗೂ ಬಲವಂತ ಇಲ್ಲ ಅಂದ.

"ಮಾವನ ಪಾಲಿಂದು, ನಿನ್ ಪಾಲಿಂದು ಎರಡೂ ನಾನೇ ಹೇಳ್ತೀನಿ ಬಿಡು. ಕಾಯ್ಲೆ ನಂದು ತಾನೆ."

ನಿನಗೆ ಹೇಳೋಕೆ ಕಷ್ಟ ಆಗೋದಿಲ್ವಾ ಎಂದು ಕೇಳಿದೆ. ಆಗುತ್ತೆ ಅಂದ. ಅದಕ್ಕೇ ದಿನಾ ಹೇಳೋದು ಅಂದ.

ಆ ಚಳಿಗಾಲ ಅವನು ಅರ್ಧ ದಿನ ಅಂಗಡಿಯಲ್ಲಿ ಕೂರುವಷ್ಟಾದ. ಅಪ್ಪ ತನ್ನ ತೋಟದ ಮೋಟರನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಬಂದ, ಅದು ಸುಟ್ಟಿತ್ತೋ ಇಲ್ಲವೋ ದೇವರೇ ಬಲ್ಲ. ಬಂದಾಗಲೆಲ್ಲ ಸಂಜೆಯ ಜಪದ ತನಕ ಇರುತ್ತಿದ್ದ. ಜಪದಲ್ಲಿ ಆ ಸಾಲು ಬಂದಾಗ ನಾವಿಬ್ಬರೂ ಸುಮ್ಮನಾಗುತ್ತಿದ್ದೆವು, ವಿನ್ಸೆಂಟ್ ನಮ್ಮ ಕಡೆ ಒಮ್ಮೆ ನೋಡಿ ಸ್ವಲ್ಪ ಗಟ್ಟಿಯಾಗಿ ಹೇಳುತ್ತಿದ್ದ. ಕ್ರಿಸ್‌ಮಸ್‌ಗೆ ಫಿಲೋಮಿನಮ್ಮ ಈರುಳ್ಳಿ ಹಾಕಿ ಕೋಳಿ ಸಾರು ಮಾಡಿದರು. ಎರಡು ತುತ್ತು ತಿಂದ. ನಾವು ಗೆದ್ದೆವು ಅಂದುಕೊಂಡೆವು.

ಬೇಸಿಗೆಯಲ್ಲಿ ಅದು ಮತ್ತೆ ಬಂತು, ಲಿವರ್‌ನಲ್ಲಿ. ಈ ಸಲ ಡಾಕ್ಟರು ಬಾಗಿಲಿನ ಮಾತೇ ಆಡಲಿಲ್ಲ. ಹೊಲಗಳಲ್ಲಿ ಈರುಳ್ಳಿ ಬಿತ್ತುತ್ತಿದ್ದಾಗ, ಒಂದು ಬೆಳಗ್ಗೆ, ನನ್ನ ಕೈಯಲ್ಲಿ ಕೈ ಇಟ್ಟುಕೊಂಡೇ ಹೋದ. ಸಂಜೆ ಮಣ್ಣಿಗೆ ಕೊಂಡೊಯ್ದೆವು. ಸಣ್ಣ ಮಳೆ ಬಿದ್ದು ನಿಂತಿತ್ತು. ಪೆಟ್ಟಿಗೆಯನ್ನು ಗುಂಡಿಯ ಪಕ್ಕದಲ್ಲಿ ಇಳಿಸಿ, ಫಾದರ್ ಆ ಪ್ರಾರ್ಥನೆ ಶುರುಮಾಡಿದರು. ಸುತ್ತ ನಿಂತವರೆಲ್ಲ ಹೇಳಿದರು. ನನ್ನ ಎಡಗಡೆ ರೋಸಿ, ಬಲಗಡೆ ಅಪ್ಪ. ಅಪ್ಪನಿಗೆ ಅಷ್ಟು ಹೊತ್ತಿಗೆ ಅದು ಪೂರ್ತಿ ಬಾಯಿಪಾಠವಾಗಿತ್ತು. ತಂದೆಯೇ ಅಂದ. ನಿಮ್ಮ ರಾಜ್ಯ ಬರಲಿ ಅಂದ. ಆ ಸಾಲು ಬಂದಾಗ ಬಾಯಿ ಮುಚ್ಚಿಕೊಂಡು ಪೆಟ್ಟಿಗೆಯನ್ನು ನೋಡಿದ. ಅವನ ಪಾಲಿನದನ್ನು ಹೇಳುತ್ತಿದ್ದವನು ಅದರೊಳಗೆ ಇದ್ದ. ನನ್ನ ಪಾಲಿನದನ್ನು ಹೇಳುತ್ತಿದ್ದವನೂ ಅವನೇ.

ನಾನು ಅಪ್ಪನ ಕೈ ಹಿಡಿದುಕೊಂಡು ಆ ಸಾಲು ಹೇಳಿದೆ. ಮನಸ್ಸು ಒಪ್ಪಿ ಹೇಳಿದೆ ಎಂದು ಇವತ್ತಿಗೂ ಹೇಳಲಾರೆ. ಒಂದು ಸಲ ಅಪ್ಪನದು, ಒಂದು ಸಲ ನನ್ನದು. ಎರಡನೆಯದನ್ನು ಮುಗಿಸುವಷ್ಟರಲ್ಲಿ ಉಳಿದವರೆಲ್ಲ ಮುಂದಿನ ಸಾಲಿಗೆ ಹೋಗಿದ್ದರು.